ಐವತ್ತು ಸೀಡಿಯ ಮುಯ್ಯಿ

ಬೆಂಪಾ ಅಜ್ಜನನ್ನು ಮಣ್ಣು ಮಾಡಿದ ಮರುದಿನ, ಭಾನುವಾರ, ಚರ್ಚಿನಿಂದ ಹೊರಬಂದ ಆ ಮನೆತನದ ಹೆಂಗಸರನ್ನು ನೋಡಿ ಎಜಿಸು ಪೇಟೆ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಸಾವಿನ ಭಾನುವಾರ ಮನೆಯ ಹೆಂಗಸರೆಲ್ಲ ಒಂದೇ ಅಚ್ಚಿನ ಕಪ್ಪು ಬಿಳಿ ಬಟ್ಟೆ ಉಟ್ಟು ಸಾಲಾಗಿ ಬರಬೇಕು. ಇವರೋ, ಒಬ್ಬಳು ಚುಕ್ಕಿ, ಒಬ್ಬಳು ಪಟ್ಟೆ, ಒಬ್ಬಳು ಹತ್ತು ವರ್ಷ ಹಿಂದಿನ ಇನ್ಯಾರದೋ ಸಾವಿನ ಬಟ್ಟೆ. ಸಂತೆಯಲ್ಲಿ ಚೀಲ ಹರಿದು ಕಾಳು ಚೆಲ್ಲಿದ ಹಾಗಿತ್ತು.

"ಇವ್ರು ಯಾವ ಮನೆತನದೋರು?" ಎಂದು ಬಾಡಿಗೆ ಕುರ್ಚಿಯವನು ಬೇಕೆಂದೇ ಕೇಳಿದ. ಬಿರಾಗೊ ತಲೆ ತಗ್ಗಿಸಿಕೊಂಡು ಅವನ ಮುಂದೆಯೇ ಹಾದುಹೋದಳು.

ಬಟ್ಟೆಯ ಹೊಣೆ ಹೊತ್ತವಳು ಅವಳೇ. ಬಸ್ ನಿಲ್ದಾಣದ ಎದುರು ಬೆಳಗಿನ ಹೊತ್ತು ಅಲಸಂದೆ ಅನ್ನ ಮಾರುವ ಬಿರಾಗೊವಿನ ಕೈ ಶುದ್ಧವೆಂದು ಮನೆತನದವರೆಲ್ಲ ಒಪ್ಪಿ, ತಲೆಗೆ ನೂರಿಪ್ಪತ್ತು ಸೀಡಿಯಂತೆ ನಲವತ್ತು ಹೆಂಗಸರ ದುಡ್ಡನ್ನು ಅವಳಿಗೆ ಕೊಟ್ಟಿದ್ದರು. ಎಂದಿನಂತೆ ಕುಮಾಸಿಯ ದೊಡ್ಡ ಮಾರುಕಟ್ಟೆಗೆ ಹೋಗಿ ತಂದಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಮಗಳು ತಿವಾ ಫೋನು ಮುಂದೆ ಹಿಡಿದಳು. 'ದೇವರು ತಡಮಾಡುವುದಿಲ್ಲ ಬಟ್ಟೆ ಅಂಗಡಿ.' ಅದೇ ಅಚ್ಚು, ಅದೇ ಬೆಲೆಗೆ ಮಾರುಕಟ್ಟೆಯದಕ್ಕಿಂತ ಒಳ್ಳೆಯ ನೂಲು, ಮನೆಬಾಗಿಲಿಗೇ ಬರುತ್ತದಂತೆ. ಬಿರಾಗೊ ಫೋನಿನಲ್ಲೇ ಅಷ್ಟೂ ದುಡ್ಡು ಕಳಿಸಿದಳು. ವಾರ ಕಳೆಯಿತು, ಎರಡು ವಾರ ಕಳೆಯಿತು. ಅಜ್ಜ ಆಸ್ಪತ್ರೆಯ ಶವಾಗಾರದಲ್ಲಿ ಮಣ್ಣಿನ ದಿನಕ್ಕೆ ಕಾಯುತ್ತಿದ್ದ. ದೇವರ ವಿಷಯ ನಮಗೆ ಗೊತ್ತಿಲ್ಲ, ಅಂಗಡಿ ಮಾತ್ರ ತಡಮಾಡುತ್ತಲೇ ಹೋಯಿತು.

ಮಣ್ಣು ಮಾಡುವ ಹಿಂದಿನ ದಿನ, ಶುಕ್ರವಾರ, ತಿವಾ ಹೇಳಿದಳು, "ಅಮ್ಮ, ನಂಗ್ಯಾಕೋ ಸರಿ ಕಾಣ್ತಿಲ್ಲ. ಮನೇಲಿ ಕೂಡಿಟ್ಟಿರೋ ದುಡ್ಡಲ್ಲಿ ಈಗ್ಲೇ ಮಾರ್ಕೆಟ್ಟಿಗೆ ಹೋಗಿ ಏನಾದ್ರೂ ತಂದುಬಿಡೋಣ."

ಅಷ್ಟರಲ್ಲಿ ಅಂಗಡಿಯವಳ ಫೋನು ಬಂತು. ಅತ್ತ ಕಡೆಯ ಹೆಣ್ಣುದನಿ ಬೆಣ್ಣೆಯಂತಿತ್ತು. "ಅಕ್ಕ, ದುಃಖದ ಮನೆ, ನನ್ನಿಂದ ನಿಮಗೆ ತೊಂದರೆ ಆಯ್ತು. ಬಟ್ಟೆ ನಾಳೆ ಸಂಜೆ ಬಸ್ಸಿಗೆ ಬರುತ್ತೆ. ನನ್ನ ಕಡೆಯಿಂದ ದೊಡ್ಡೋರಿಗೆ ಒಂದು ಸಣ್ಣ ಮುಯ್ಯಿ ಕಳಿಸಿದೀನಿ." ನೋಡಿದರೆ ನಿಜವಾಗಿಯೂ ಐವತ್ತು ಸೀಡಿ ಬಂದಿತ್ತು.

"ನೋಡಿದ್ಯಾ?" ಎಂದಳು ಬಿರಾಗೊ ಮಗಳಿಗೆ. "ಸಾವಿನ ಮನೆಗೆ ಮುಯ್ಯಿ ಹಾಕಿದೋಳು ಮೋಸ ಮಾಡ್ತಾಳಾ?" ಮತ್ತೆ ಫೋನಿಗೆ, "ಮೈಕಲ್ಲಿ ಏನಂತ ಹೆಸರು ಹೇಳಿಸ್ಲಿ ತಾಯಿ? ಅಂಗಡಿ ಹೆಸರಾ?"

"ಅಂಗಡಿ ಹೆಸರು ಯಾಕಕ್ಕ. ಅಬೆತಿಫಿ ಊರಿನ ಒಫೊರಿವಾ ಅನ್ನಿ. ಡಾರ್ಕೊ ಮನೆಯೋಳು ಅನ್ನಿ."

ಶನಿವಾರ ಮೈಕಿನವನು ಹಾಗೆಯೇ ಕೂಗಿದ. ಬಟ್ಟೆ ಬರಲಿಲ್ಲ. ಸಂಜೆಯ ಹೊತ್ತಿಗೆ ಫೋನೂ ಎತ್ತಲಿಲ್ಲ.

*

ಸೋಮವಾರ ಅಂಗಳದ ಮಾವಿನ ಮರದ ಕೆಳಗೆ ಸಾವಿನ ಲೆಕ್ಕ. ಬಿರಾಗೊವಿನ ಅಣ್ಣ ಅಂಪೊಫೊ, ನಿವೃತ್ತ ಮೇಷ್ಟ್ರು, ಕನ್ನಡಕ ಏರಿಸಿಕೊಂಡು ಓದಿದ. ಶವಪೆಟ್ಟಿಗೆ ಇಷ್ಟು, ಕುರ್ಚಿ ಇಷ್ಟು, ಊಟಕ್ಕೆ ಇಷ್ಟು. "ಬಟ್ಟೆ ಬಾಬ್ತು ನಾಲ್ಕು ಸಾವಿರದ ಎಂಟುನೂರು. ಬಟ್ಟೆ..." ಎಂದು ತಡೆದು, ಕನ್ನಡಕದ ಮೇಲಿಂದ ತಂಗಿಯನ್ನು ನೋಡಿ, "ಇಲ್ಲ," ಎಂದ.

"ಅಣ್ಣ, ದುಡ್ಡು ಕಳಿಸಿದ ಮೆಸೇಜ್ ಇದೆ. ಎಲ್ಲರಿಗೂ ತೋರಿಸಿದೀನಿ."

"ಮೆಸೇಜನ್ನ ಸೊಂಟಕ್ಕೆ ಸುತ್ಕೊಳ್ಳೋಕಾಗುತ್ತಾ?" ಎಂದಳು ದೊಡ್ಡಪ್ಪನ ಮಗಳು ಡುಫಿಯೆ. "ಯಾರಿಗೆ ಗೊತ್ತು, ಆ ಅಂಗಡಿಯೋಳು ಇದಾಳೋ ಇಲ್ವೋ. ನಮ್ಮ ದುಡ್ಡು ಯಾರ ಅಲಸಂದೆ ಪಾತ್ರೆಲಿ ಬೇಯ್ತಿದೆಯೋ."

ಬಿರಾಗೊ ಎದ್ದು ನಿಂತಳು. ಬಾಯಿ ತೆರೆದಳು, ಮಾತು ಬರಲಿಲ್ಲ, ಕಣ್ಣೀರು ಬಂತು. ಅದನ್ನೂ ನಾಟಕವೆಂದು ಇಬ್ಬರು ಮೂವರು ಗೊಣಗಿದರು. ಕೊನೆಗೆ ಅಂಪೊಫೊ ತೀರ್ಪು ಹೇಳಿದ. ನಲವತ್ತನೇ ದಿನದ ಕೂಟದೊಳಗೆ ಬಟ್ಟೆಯೋ ದುಡ್ಡೋ ಇಲ್ಲಿ ಬಂದು ಬೀಳಬೇಕು. ಇಲ್ಲವಾದರೆ ಬಿರಾಗೊ ತನ್ನ ಕೈಯಿಂದ ಕಟ್ಟಬೇಕು.

ಅವಳ ಕೈಯಲ್ಲಿದ್ದದ್ದು ಒಂದೇ ಗಂಟು. ತಿವಾಳ ನರ್ಸಿಂಗ್ ಶಾಲೆಯ ಮೊದಲ ವರ್ಷದ ಫೀಸು. ಮೂರು ವರ್ಷ ಹೊಗೆ ಕುಡಿದು ಕೂಡಿಸಿದ್ದು.

ಮರುದಿನದಿಂದ ನಿಲ್ದಾಣದಲ್ಲಿ ಮನೆತನದ ಹೆಂಗಸರು ಬಿರಾಗೊವಿನ ಪಾತ್ರೆಯ ಮುಂದೆ ಹಾದು, ಎರಡು ಅಂಗಡಿ ಆಚೆಯವಳ ಹತ್ತಿರ ಕೊಳ್ಳತೊಡಗಿದರು. ಅಂಪೊಫೊ ಮೇಷ್ಟ್ರು ದಿನಾ ಬೆಳಿಗ್ಗೆ ಬಟ್ಟಲು ಹಿಡಿದು ಬಂದು ತಂಗಿಯ ಕೈಯ ಅನ್ನ ತಿಂದು, ದುಡ್ಡಿನ ಮಾತೇ ಎತ್ತದೆ ಹೋಗುವವನು. ಅವನೂ ಬರುವುದು ನಿಲ್ಲಿಸಿದ.

"ಪುಕ್ಕಟೆ ಅನ್ನ ಉಳೀತಲ್ಲ ಅಮ್ಮ," ಎಂದಳು ತಿವಾ.

"ಬಾಯ್ಮುಚ್ಚು. ಅವನು ತಿನ್ನದಿದ್ರೆ ಊರೋರು ಏನಂದ್ಕೋತಾರೆ? ಸ್ವಂತ ಅಣ್ಣನೇ ತಿನ್ನಲ್ಲ ಅಂದ್ರೆ ಪಾತ್ರೆಲಿ ಏನೋ ಇದೆ ಅಂತ ತಾನೇ?" ಬಿರಾಗೊ ಉಳಿದ ಅನ್ನವನ್ನು ಮಧ್ಯಾಹ್ನಕ್ಕೂ ರಾತ್ರಿಗೂ ಮನೆಯಲ್ಲೇ ಬಡಿಸಿದಳು. ಮೂರನೆಯ ದಿನ ಅದನ್ನು ಕಂಡರೆ ತಿವಾಳಿಗೆ ವಾಕರಿಕೆ ಬರುತ್ತಿತ್ತು, ಆದರೂ ಎರಡು ಮಾತಾಡದೆ ನುಂಗಿದಳು. ತಪ್ಪಿನಲ್ಲಿ ತನ್ನ ಪಾಲೂ ಇತ್ತಲ್ಲ.

ತಿವಾ ಸುಮ್ಮನೆ ಕೂತಿರಲಿಲ್ಲ. ಫೋನ್ ಕಂಪನಿಗೆ ಹೋದಳು. ದುಡ್ಡು ಆಗಲೇ ತೆಗೆದಾಗಿದೆ, ವಾಪಸ್ ಎಳೆಯಲು ಬರುವುದಿಲ್ಲ, ಪೊಲೀಸರ ಕಾಗದ ತನ್ನಿ ಅಂದರು. ಠಾಣೆಗೆ ಹೋದಳು. ಅಲ್ಲಿ ದೂರು ಬರೆದುಕೊಂಡರು. ಇಂಥದ್ದೇ ದೂರು ಹಿಡಿದು ಮುಂದೆ ಬಹಳ ಜನ ಕೂತಿದ್ದರು. ಅಂಗಡಿಯ ಪುಟದ ಕೆಳಗೆ ಸಿಟ್ಟಿನ ಮಾತು ಬರೆದಳು. ಅವಳನ್ನೇ ಅಲ್ಲಿಂದ ಹೊರಗೆ ಹಾಕಿದರು. ಆ ರಾತ್ರಿ ಊಟಕ್ಕೆ ಕೂತಾಗ ತಾಯಿಗೂ ಮಗಳಿಗೂ ಜೋರು ಮಾತಾಯಿತು.

"ನಿನ್ನ ಫೋನೊಳಗೆ ಕಂಡೋರನ್ನೆಲ್ಲ ನಂಬಿ ಕೆಟ್ಟೆ," ಎಂದಳು ಬಿರಾಗೊ.

"ಶುಕ್ರವಾರ ಮಾರ್ಕೆಟ್ಟಿಗೆ ಹೋಗೋಣ ಅಂದೋಳು ನಾನು. ಮುಯ್ಯಿ ಬಂತು ಅಂತ ಕರಗಿದೋಳು ನೀನು."

"ನಿನ್ನ ಫೀಸಿನ ದುಡ್ಡು ಹೋಗುತ್ತೆ ಕಣೇ. ನಾನೇನು ನನ್ನ ಒಡವೆಗೆ ಅಳ್ತಿಲ್ಲ."

"ನಂಗೆ ಫೀಸು ಬೇಡ. ಒಂದು ವರ್ಷ ಜಡೆ ಹೆಣೆದುಕೊಂಡಿರ್ತೀನಿ. ನಿನ್ನ ಕಳ್ಳಿ ಅಂದ್ರಲ್ಲ, ಅದಕ್ಕೆ ಮಾತ್ರ..." ತಿವಾ ತಟ್ಟೆಯನ್ನು ದೂರ ತಳ್ಳಿದಳು. ತಾಯಿ ಅವಳ ತಟ್ಟೆಗೆ ಇದ್ದ ಒಂದೇ ಮೀನಿನ ತುಂಡು ಹಾಕಿದಳು. ಜಗಳ ಅಲ್ಲಿಗೆ ನಿಂತಿತು.

ಮೂಲೆಯಲ್ಲಿ ಕೂತು ಬಾಳೆಕಾಯಿ ಮುದ್ದೆ ಮುರಿದು ನುಂಗುತ್ತಿದ್ದ ಅಜ್ಜಿ ಅಚಿಯಾ ಆಗ ಬಾಯಿ ಬಿಟ್ಟಳು. ಬಿರಾಗೊವಿನ ತಾಯಿ ಅವಳು, ಸತ್ತವನ ತಂಗಿ. ಅದುವರೆಗೂ ಬಟ್ಟೆಯ ರಗಳೆಗೆ ಅವಳು ತಲೆ ಹಾಕಿರಲಿಲ್ಲ. "ಆ ಹುಡುಗಿಯ ಮುಯ್ಯಿಗೆ ಯಾರಾದ್ರೂ ಹೋಗಿ ಕೈ ಮುಗಿದು ಬಂದ್ರಾ?"

"ಯಾವ ಹುಡುಗಿ ಅಜ್ಜಿ?"

"ಅದೇ, ಅಬೆತಿಫಿಯ ಒಫೊರಿವಾ. ಡಾರ್ಕೊ ಮನೆಯೋಳು."

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅಜ್ಜಿ ಕೈ ತೊಳೆದುಕೊಂಡು ಹೇಳಿದಳು, "ಸಾವಿಗೆ ಮುಯ್ಯಿ ಹಾಕಿದೋರ ಮನೆಗೆ ಹೋಗಿ ಉಪಕಾರ ನೆನೆಯೋದು ನಮ್ಮ ಪದ್ಧತಿ. ಹೋಗೋಣ."

"ಅವಳು ಸುಳ್ಳು ಹೆಸರು ಹೇಳಿದ್ರೆ?" ಎಂದಳು ತಿವಾ.

ಅಜ್ಜಿ ನಕ್ಕಳು. "ಅಂಗಡಿಗೆ ಸುಳ್ಳು ಹೆಸರಿಡ್ತಾರೆ, ವಯಸ್ಸು ಸುಳ್ಳು ಹೇಳ್ತಾರೆ, ಗಂಡನ ಹತ್ರ ಸಂಬಳ ಸುಳ್ಳು ಹೇಳ್ತಾರೆ. ಮುಯ್ಯಿ ಹಾಕಿ ಮೈಕಲ್ಲಿ ಇನ್ನೊಬ್ಬರ ಹೆಸರು ಕೂಗಿಸಿದೋರನ್ನ ನಾನಂತೂ ಕಂಡಿಲ್ಲ. ಕೊಟ್ಟ ಕಾಸು ಯಾರ ಲೆಕ್ಕಕ್ಕೆ ಹೋಗಬೇಕು ಮತ್ತೆ?"

ಅದು ನಿಜವೇ. ನಮ್ಮಲ್ಲಿ ಐದು ಸೀಡಿ ಕೊಟ್ಟವನೂ ಮೈಕಿನ ಹತ್ತಿರ ಕಿವಿ ಕೊಟ್ಟು ನಿಂತಿರುತ್ತಾನೆ. ಹೆಸರು ತಪ್ಪಾದರೆ ಮತ್ತೆ ಕೂಗಿಸುತ್ತಾನೆ.

*

ಅಂಪೊಫೊವನ್ನು ಅಜ್ಜಿ ಮನೆಗೇ ಕರೆಸಿದಳು.

"ಐವತ್ತು ಸೀಡಿಗೆ ಅಬೆತಿಫಿ ಗುಡ್ಡ ಹತ್ತೋದಾ?" ಎಂದ ಮೇಷ್ಟ್ರು. "ಐನೂರು ಕೊಟ್ಟೋರಿಗೇ ಫೋನಲ್ಲಿ ಹೇಳಿ ಮುಗಿಸಿದೀವಿ."

"ದೂರದೋರ ಐವತ್ತು ಹತ್ತಿರದೋರ ಐನೂರಕ್ಕೆ ಸಮ. ಹಿರಿಯರ ಮುಂದೆ ಮಾತಾಡೋಕೆ ಒಬ್ಬ ಗಂಡಸು ಬೇಕು. ನೀನೇ ಬರಬೇಕು."

"ಇವಳು ಕಳೆದದ್ದಕ್ಕೆ ನಾನು ಯಾಕೆ?"

"ಕಳೆದೋಳು ಇವಳು ಅಂತ ಮರದ ಕೆಳಗೆ ಚೆನ್ನಾಗಿ ಓದಿದೆಯಲ್ಲಪ್ಪ. ಆ ಗಂಟಲು ಇನ್ನೂ ಇದೆ ತಾನೇ?"

ಮೇಷ್ಟ್ರು ಎಷ್ಟೇ ದೊಡ್ಡವನಾದರೂ ಹೆತ್ತವಳ ಮುಂದೆ ನಡೆಯುವುದಿಲ್ಲ. ಒಪ್ಪಿಕೊಂಡ. ಅಜ್ಜಿ ಒಂದು ಕಟ್ಟಳೆಯನ್ನೂ ಹಾಕಿದಳು. "ಕೇಳ್ಕೊಳ್ಳಿ ಎಲ್ರೂ. ಹೋಗೋದು ಉಪಕಾರ ಹೇಳೋಕೆ. ಬಟ್ಟೆ ಅನ್ನೋ ಮಾತು ನಮ್ಮ ಬಾಯಿಂದ ಮೊದಲು ಬರಬಾರದು. ತಿವಾ, ನಿಂಗೇ ಹೇಳ್ತಿರೋದು."

ಬಿರಾಗೊ ಮೂರು ದೊಡ್ಡ ಗೆಣಸಿನ ಗಡ್ಡೆ, ಒಂದು ಬುಟ್ಟಿ ಮೊಟ್ಟೆ, ಒಂದು ಬಾಟಲಿ ಸಾರಾಯಿ ಹೊಂದಿಸಿದಳು. "ಕಳ್ಳಿಗೆ ಮೊಟ್ಟೆ ಬೇರೆ," ಎಂದು ಗೊಣಗುತ್ತಲೇ ತಿವಾ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು. ಕಪ್ಪು ಬಿಳಿ ಉಟ್ಟು ನಾಲ್ವರೂ ಬೆಳಗಿನ ಗಾಡಿ ಹತ್ತಿದರು. ಗುಡ್ಡದ ಬುಡದ ಪೇಟೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದರು. ತಿರುವು ತಿರುವಿಗೂ ಮೊಟ್ಟೆಯ ಬುಟ್ಟಿ ಮೇಷ್ಟ್ರ ತೊಡೆಯ ಮೇಲೆ ಜಾರುತ್ತಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

ಅಬೆತಿಫಿಯಲ್ಲಿ ಡಾರ್ಕೊ ಮನೆ ಯಾವುದೆಂದು ಕೇಳಬೇಕಾಗಿಯೇ ಬರಲಿಲ್ಲ. ಸಾವಿನ ಬಟ್ಟೆ ಉಟ್ಟ ನಾಲ್ವರನ್ನು ಕಂಡ ಗಾಡಿಯವನೇ ಮನೆತನದ ಹೆಸರು ಕೇಳಿ ಬಾಗಿಲಿಗೆ ತಂದು ಬಿಟ್ಟ.

ದೊಡ್ಡ ಅಂಗಳ. ಮನೆತನದ ಯಜಮಾನ ಡಾರ್ಕೊ ಅಜ್ಜ ಕುರ್ಚಿ ಹಾಕಿಸಿದ, ನೀರು ಕೊಡಿಸಿದ. ಅಕ್ಕಪಕ್ಕದ ಕೋಣೆಗಳಿಂದ ಹಿರಿಯರು ಬಂದು ಕೂತರು. ನೀರು ಕುಡಿದ ಮೇಲೆ ಬಂದ ಕಾರಣ ಕೇಳಿದರು.

ಅಂಪೊಫೊ ಎದ್ದ. ಪಾಠ ಹೇಳುವ ದನಿ ಅದು, ಅಂಗಳದ ಆಚೆ ಬೀದಿಗೂ ಕೇಳಿತು. "ಒಳ್ಳೆ ಕಾರಣಕ್ಕೇ ಬಂದಿದೀವಿ. ಎಜಿಸುವಲ್ಲಿ ನಮ್ಮ ಹಿರಿಯ ಬೆಂಪಾ ತೀರಿಕೊಂಡರು. ನಮ್ಮ ಗುರುತಿಲ್ಲ, ಪರಿಚಯ ಇಲ್ಲ, ಆದರೂ ನಿಮ್ಮ ಮನೆ ಮಗಳು ಒಫೊರಿವಾ ನಮ್ಮ ಕಣ್ಣೀರು ಒರೆಸೋಕೆ ಮುಯ್ಯಿ ಕಳಿಸಿದಳು. ಇಂಥ ಮಗಳನ್ನ ಹೆತ್ತ ಮನೆಗೆ ಕೈ ಮುಗಿದು ಹೋಗೋಣ ಅಂತ ಬಂದ್ವಿ."

ಹಿರಿಯರ ಮುಖ ಅರಳಿತು. "ನಮ್ಮ ಒಫೊರಿವಾನಾ?" ಎಂದಳು ಒಬ್ಬ ಮುದುಕಿ. "ಒಳಗೇ ಇದಾಳೆ, ತಿಂಗಳಾಯ್ತು ಊರಿಗೆ ಬಂದು. ಕರೀರಿ ಅವಳನ್ನ. ಒಳ್ಳೇದು ಮಾಡಿದ್ರೆ ಬಾಯಿಬಿಟ್ಟು ಹೇಳೋ ಹುಡುಗಿ ಅಲ್ಲ."

"ಹೌದು, ಬಾಯೇ ಬಿಡಲ್ಲ," ಎಂದಳು ತಿವಾ. ಅಜ್ಜಿ ಅವಳ ತೊಡೆ ಚಿವುಟಿದಳು.

ಒಫೊರಿವಾ ಬಂದಳು. ಮೂವತ್ತರ ಹೆಂಗಸು, ಕಂಕುಳಲ್ಲಿ ಕೂಸು. ಕಪ್ಪು ಬಿಳಿ ಬಟ್ಟೆಗಳನ್ನು ಕಂಡವಳು ಬಾಗಿಲಲ್ಲೇ ನಿಂತಳು. ಅಜ್ಜಿ ಎದ್ದುಹೋಗಿ ಅವಳ ಕೈ ಹಿಡಿದುಕೊಂಡಳು. "ನೀನೇ ಏನಮ್ಮ? ನನ್ನ ಅಣ್ಣನ ಸಾವಿಗೆ ಮುಯ್ಯಿ ಹಾಕಿದ ತಾಯಿ. ನಿನ್ನ ಹೆಸರು ಮೈಕಲ್ಲಿ ಕೂಗಿಸಿದ್ವಿ. ಡಾರ್ಕೊ ಮನೆತನ ಅಂತ್ಲೂ ಕೂಗಿಸಿದ್ವಿ." ಕೈಯನ್ನು ಬಿಡದೆ ತಂದು ಪಕ್ಕದಲ್ಲೇ ಕೂರಿಸಿಕೊಂಡಳು. ಒಫೊರಿವಾಳ ಹಣೆ ಬೆವೆತಿತ್ತು.

"ಇವಳಿಗೆ ನಿಮ್ಮ ಗುರುತು ಹೇಗೆ?" ಎಂದು ಡಾರ್ಕೊ ಅಜ್ಜ ಕುತೂಹಲದಿಂದ ಕೇಳಿದ.

ಅಂಪೊಫೊ ತಾಯಿಯ ಮುಖ ನೋಡಿದ. ತಾಯಿ ಮಗಳ ಕಡೆ ನೋಡಿದಳು. ಬಿರಾಗೊ ಎದ್ದಳು. ಮರದ ಕೆಳಗೆ ಬರದಿದ್ದ ಮಾತು ಈಗ ನೆಟ್ಟಗೆ ಬಂತು.

"ನಾನು ಇವರ ಅಂಗಡಿಯ ಗಿರಾಕಿ, ಅಜ್ಜ."

"ಓಹೋ, ವ್ಯಾಪಾರದ ಗುರುತು. ಯಾವ ಬಟ್ಟೆ ತಗೊಂಡೆ? ಇದೇನಾ ಉಟ್ಟಿರೋದು? ಹತ್ರ ಬಾ, ನೋಡೋಣ."

"ನಾವೂ ಅದನ್ನ ನೋಡಬೇಕು ಅಂತ್ಲೇ ಕಾಯ್ತಿದೀವಿ, ಅಜ್ಜ."

ಮುದುಕಿ ನಗಲು ಹೋದವಳು ಅರ್ಧಕ್ಕೆ ನಿಲ್ಲಿಸಿದಳು. ಡಾರ್ಕೊ ಅಜ್ಜ ಉಟ್ಟ ಬಟ್ಟೆಯನ್ನು ಎಡಹೆಗಲ ಮೇಲೆ ಸರಿಮಾಡಿಕೊಂಡ. ಒಫೊರಿವಾ ಅವನ ಅಕ್ಕನ ಮಗಳು. ನಮ್ಮಲ್ಲಿ ಸೋದರಸೊಸೆಯ ಮಾನವೂ ಸಾಲವೂ ಸೋದರಮಾವನದ್ದೇ. "ಒಫೊರಿವಾ," ಎಂದ ಮೆಲ್ಲಗೆ. "ಏನಿದು?"

ಅವಳು ಅಳತೊಡಗಿದಳು. ಮೋಸ ಮಾಡಬೇಕೆಂದು ಇರಲಿಲ್ಲವಂತೆ. ಬಟ್ಟೆ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿತು, ಬಿಡಿಸಲು ಸುಂಕಕ್ಕೆ ದುಡ್ಡಿಲ್ಲ. ಇವರ ದುಡ್ಡನ್ನು ಹಿಂದಿನ ಗಿರಾಕಿಗೆ ಕೊಟ್ಟಳು, ಮುಂದಿನವರ ದುಡ್ಡು ಬರಲಿಲ್ಲ. ಫೋನು ಎತ್ತಲು ಹೆದರಿಕೆಯಾಯಿತು.

"ಎತ್ತಿ ಅದನ್ನೇ ಹೇಳಿದ್ರೆ ಆಗ್ತಿತ್ತಲ್ಲ," ಎಂದಳು ತಿವಾ. ಈ ಸಲ ಅಜ್ಜಿ ಚಿವುಟಲಿಲ್ಲ. "ನೀವು ಬಾಯಿ ಮುಚ್ಕೊಂಡಿದ್ದಕ್ಕೆ ನಮ್ಮಮ್ಮನ್ನ ಊರಲ್ಲಿ ಕಳ್ಳಿ ಅಂದ್ರು."

"ಯಾರು ಅಂದ್ರು?" ಎಂದ ಡಾರ್ಕೊ ಅಜ್ಜ.

ಅಂಪೊಫೊ ಮೇಷ್ಟ್ರು ಕೆಮ್ಮಿದ. ಮೊಟ್ಟೆಯ ಬುಟ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಟ್ಟ.

"ಸಾವಿನ ಮನೆ ದುಡ್ಡು," ಎಂದ ಡಾರ್ಕೊ ಅಜ್ಜ ತನ್ನವರ ಕಡೆ ತಿರುಗಿ. "ಸತ್ತವರ ದುಡ್ಡು ಇಟ್ಟುಕೊಂಡು ಈ ಅಂಗಳದಲ್ಲಿ ಯಾರು ನಿದ್ದೆ ಮಾಡ್ತೀರಿ?" ಹಿರಿಯರು ಒಳಗೆ ಹೋಗಿ ಗುಸುಗುಸು ಮಾತಾಡಿಕೊಂಡು ಬಂದರು. ಅರ್ಧ ದುಡ್ಡನ್ನು ಮನೆತನದ ನಿಧಿಯಿಂದ ಅಲ್ಲೇ ಎಣಿಸಿ ಕೊಟ್ಟರು. ಉಳಿದರ್ಧ ನಲವತ್ತನೇ ದಿನದೊಳಗೆ, ಮಾತು ಡಾರ್ಕೊ ಅಜ್ಜನದು. ಒಫೊರಿವಾ ಬಿರಾಗೊವಿನ ಮುಂದೆ ಮೊಣಕಾಲೂರಲು ಹೋದಳು. ಬಿರಾಗೊ ಅವಳ ಕಂಕುಳ ಕೂಸನ್ನು ಎತ್ತಿಕೊಂಡು ಅವಳನ್ನು ತಡೆದಳು. "ಕೂಸು ಬೀಳುತ್ತೆ, ಏಳಮ್ಮ," ಎಂದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ಕೂಸು ಅವಳ ಕಿವಿಯ ಓಲೆ ಹಿಡಿದು ಎಳೆಯುತ್ತಿತ್ತು.

ಹೊರಡುವಾಗ ತಿವಾ ಗೆಣಸು ಮೊಟ್ಟೆಗಳ ಕಡೆ ಕೈ ಚಾಚಿದಳು.

"ಬಿಡು," ಎಂದಳು ಅಜ್ಜಿ. "ಅದು ಮುಯ್ಯಿಗೆ ತಂದದ್ದು. ಮುಯ್ಯಿ ಬಂದದ್ದು ನಿಜ ತಾನೇ?"

*

"ಅರ್ಧ ಬಂತಂತೆ, ಇನ್ನರ್ಧ ಗುಡ್ಡದ ಮೇಲೇ," ಎಂದು ಡುಫಿಯೆ ನಿಲ್ದಾಣದಲ್ಲಿ ಸಾರಿದಳು. ಬಿರಾಗೊ ದಿನಾ ಎಂದಿಗಿಂತ ಒಂದು ಅಳತೆ ಹೆಚ್ಚೇ ಅನ್ನ ಬೇಯಿಸಿದಳು. "ಯಾರು ಕೊಳ್ತಾರೆ ಅಂತ ಇಷ್ಟು?" ಎಂದು ತಿವಾ ಕೇಳಿದರೆ, "ಬರ್ತಾರೆ, ಹಸಿವಾದ್ರೆ ಮೊದಲು ಮರೆಯೋದು ಜಗಳಾನೇ," ಎಂದಳು. ಗಾಡಿಯ ಚಾಲಕರು ಬಂದರು, ಶಾಲೆಯ ಮಕ್ಕಳು ಬಂದರು. ಪಾತ್ರೆ ಖಾಲಿಯಾಗುತ್ತಿತ್ತು.

ನಲವತ್ತನೇ ದಿನದ ಹಿಂದಿನ ಬೆಳಿಗ್ಗೆ ಬಡಿಸುತ್ತಿದ್ದಾಗ ಅವಳ ಫೋನು ಗುಂಯ್ ಎಂದಿತು. ಉಳಿದರ್ಧ ಬಂದಿತ್ತು. ಬಿರಾಗೊ ಒಮ್ಮೆ ಓದಿದಳು, ಸೆರಗಿನಿಂದ ಒರೆಸಿ ಇನ್ನೊಮ್ಮೆ ಓದಿದಳು. "ಮುಂದೆ ಯಾರು?" ಎಂದು ಸೌಟು ಎತ್ತಿದಳು. ಮುಂದಿನವನ ಬಟ್ಟಲಿಗೆ ಒಂದರ ಬದಲು ಎರಡು ಮೊಟ್ಟೆ ಬಿತ್ತು.

ಮರುದಿನ ಮಾವಿನ ಮರದ ಕೆಳಗೆ ಮೈಕು ಕಟ್ಟಿದ್ದರು. ಅಂಪೊಫೊ ಲೆಕ್ಕ ಓದಲು ಎದ್ದಾಗ ಬಿರಾಗೊ ಹೋಗಿ ಅವನ ಕೈಯಿಂದ ಮೈಕನ್ನು ತೆಗೆದುಕೊಂಡಳು.

"ಬೆಂಪಾನ ತಂಗಿ ಅಚಿಯಾಳ ಮಗಳು ಬಿರಾಗೊ," ಎಂದು ಮುಯ್ಯಿಗೆ ಕೂಗುವ ರಾಗದಲ್ಲೇ ಕೂಗಿದಳು. "ನನ್ನ ಕೈಗೆ ನಲವತ್ತು ಹೆಂಗಸರು ಕೊಟ್ಟಿದ್ದು ನಾಲ್ಕು ಸಾವಿರದ ಎಂಟುನೂರು ಸೀಡಿ. ನನ್ನ ಕೈಯಿಂದ ವಾಪಸ್ ಅಷ್ಟೇ. ಒಬ್ಬೊಬ್ಬರೇ ಬನ್ನಿ. ಮೊದಲು ಡುಫಿಯೆ."

ಡುಫಿಯೆ ನೆಲ ನೋಡುತ್ತ ಬಂದು ನೂರಿಪ್ಪತ್ತು ಇಸಿದುಕೊಂಡಳು. "ಎಣಿಸ್ಕೋ," ಎಂದಳು ಬಿರಾಗೊ ಮೈಕಿನಲ್ಲೇ. ಡುಫಿಯೆ ಎಣಿಸಿದಳು. "ಸರಿ ಇದೆಯಾ?" ಎಂದಳು ಬಿರಾಗೊ. "ಇದೆ," ಎಂದಿತು ಸಣ್ಣ ದನಿ. "ಮೈಕಿಗೆ ಹೇಳು." ಡುಫಿಯೆ ಮೈಕಿಗೆ ಹೇಳಿದಳು. ಬೀದಿಯವರೆಗೂ ಕೇಳಿತು. ಕೊನೆಯವಳು ತೆಗೆದುಕೊಂಡು ಹೋಗುವವರೆಗೂ ಬಿರಾಗೊ ಕೂರಲಿಲ್ಲ.

ಆ ತಿಂಗಳ ಕೊನೆಗೆ ತಿವಾ ನರ್ಸಿಂಗ್ ಶಾಲೆಗೆ ಹೆಸರು ಬರೆಸಿದಳು. ಅದಕ್ಕೂ ಮೊದಲೇ, ಲೆಕ್ಕ ಮುಗಿದ ಮರುದಿನ ಬೆಳಿಗ್ಗೆ, ಅಂಪೊಫೊ ಮೇಷ್ಟ್ರು ನಿಲ್ದಾಣಕ್ಕೆ ಬಂದ. ಏನೂ ಆಗದವನಂತೆ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಬಟ್ಟಲು ಚಾಚಿದ.

"ಮೊಟ್ಟೆ ಹಾಕು, ಮೀನೂ ಇರಲಿ," ಎಂದ. "ಆ ಗುಡ್ಡದ ಮೇಲೆ ನಾನು ಚೆನ್ನಾಗೇ ಮಾತಾಡಿದೆ, ಅಲ್ವಾ?"

ಬಿರಾಗೊ ಬಟ್ಟಲು ತುಂಬ ಅನ್ನ ಹಾಕಿದಳು, ಮೀನು ಹಾಕಿದಳು, ಮೇಲೊಂದು ಮೊಟ್ಟೆಯನ್ನೂ ಇಟ್ಟಳು. ಅವನು ಕೈ ಚಾಚಿದಾಗ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು.

"ಚೆನ್ನಾಗಿ ಮಾತಾಡಿದೆ ಅಣ್ಣ. ಹದಿನೈದು ಸೀಡಿ. ದುಡ್ಡು ಮೊದಲು."

ಸಾಲಿನಲ್ಲಿದ್ದವರು ನಕ್ಕರು. ಅಂಪೊಫೊ ಆಕಾಶ ನೋಡಿದ, ಜೇಬು ತಡಕಿದ, ಹದಿನೈದು ತೆಗೆದು ಕೊಟ್ಟ. ಬಟ್ಟಲು ಆ ಕ್ಷಣವೇ ಅವನ ಕೈಗೆ ಬಂತು.

"ನೋಡು," ಎಂದಳು ಬಿರಾಗೊ, "ನಮ್ಮ ಅಂಗಡಿಲಿ ತಡ ಇಲ್ಲ."